ನೈಟ್ ಹಾಲ್ಟ್ ಬಸ್ಸಿನ ಡ್ರೈವರಣ್ಣ

ಶಾಲಾ ಇಂಟರ್ನ್‌ಶಿಪ್‌ಗೆ ಹೊರಡುವ ಮುನ್ನ ನಮ್ಮ ಕಾಲೇಜಿನಲ್ಲಿ ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಯೂ ತನ್ನ ಮೇಲೆ ಪ್ರಭಾವ ಬೀರಿದ ಶಿಕ್ಷಕರ ಬಗ್ಗೆ ಐದು ನಿಮಿಷ ಮಾತನಾಡಬೇಕು. ನಾನು ನನ್ನ ಹೈಸ್ಕೂಲಿನ ಗಣಿತದ ಮೇಷ್ಟ್ರ ಬಗ್ಗೆ ಮಾತನಾಡಿದೆ. ಹೇಳಿದ್ದೆಲ್ಲ ನಿಜವೇ. ಆದರೆ ನಾನು ವಿಜ್ಞಾನ ಓದಿ, ಬಿ.ಎಸ್ಸಿ. ಮುಗಿಸಿ, ಈಗ ಬಿ.ಇಡಿ. ತರಗತಿಯಲ್ಲಿ ಕುಳಿತಿರುವುದಕ್ಕೆ ಕಾರಣರಾದವರು ಶಾಲೆಯ ಒಳಗಿನವರಲ್ಲ. ಅವರು ನಮ್ಮ ದಾರಿಯ ನೈಟ್ ಹಾಲ್ಟ್ ಬಸ್ಸನ್ನು ಓಡಿಸುತ್ತಿದ್ದ ಚಾಲಕರು. ಐದು ನಿಮಿಷದಲ್ಲಿ ಹೇಳಿ ಮುಗಿಯುವ ವಿಷಯವಲ್ಲವೆಂದು ಅಂದು ಬಿಟ್ಟಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. 'ನನ್ನ ಹೆಸರು ಗಿಸರು ಹಾಕ್ಬೇಡ ಮಾರಾಯ್ತಿ' ಎಂದು ಫೋನಿನಲ್ಲಿ ಹೇಳಿದ್ದರಿಂದ ಇಲ್ಲೂ ಅವರು ಡ್ರೈವರಣ್ಣನೇ. ಬಸ್ಸಿನಲ್ಲಿ ನಾವೆಲ್ಲ ಕರೆಯುತ್ತಿದ್ದುದೂ ಹಾಗೆಯೇ.

ಬಯಲುಸೀಮೆಯ ಸಹಪಾಠಿಗಳಿಗಾಗಿ ನಮ್ಮ ಕಡೆಯ ಊರುಗಳ ಬಗ್ಗೆ ಸ್ವಲ್ಪ ಹೇಳಬೇಕು. ನಾನು ಹೈಸ್ಕೂಲು ಸೇರಿದ 2012ರಲ್ಲಿ ಕಳಸ ಇನ್ನೂ ಮೂಡಿಗೆರೆ ತಾಲ್ಲೂಕಿನ ಒಂದು ಹೋಬಳಿ. ಒಂದು ಜಾತಿ ಪ್ರಮಾಣಪತ್ರದ ಕೆಲಸಕ್ಕೆ ಮೂಡಿಗೆರೆಗೆ ಹೋಗಬೇಕೆಂದರೆ ಕೊಟ್ಟಿಗೆಹಾರ ಸುತ್ತಿಕೊಂಡು ಹೋಗಿ ಬರುವಷ್ಟರಲ್ಲಿ ಇಡೀ ದಿನ ಮುಗಿಯುತ್ತಿತ್ತು. ಊರು ಎಂದರೆ ಒಂದೆಡೆ ಸೇರಿದ ಮನೆಗಳಲ್ಲ. ಗುಡ್ಡಕ್ಕೊಂದು ಮನೆ, ತೋಟಕ್ಕೊಂದು ಲೈನು. ನಮ್ಮದು ಲೈನ್ ಮನೆ. ಅಪ್ಪ ತೋಟದ ಪಲ್ಪರ್ ಹೌಸಿನಲ್ಲಿ ಕೆಲಸಕ್ಕಿದ್ದರು, ಅಮ್ಮ ಕಾಫಿ ಕುಯ್ಲಿಗೂ ಉಳಿದ ದಿನ ಕಳೆ ಕೆಲಸಕ್ಕೂ ಹೋಗುತ್ತಿದ್ದರು. ಮನೆಯಿಂದ ಬಸ್ಸು ನಿಲ್ಲುವ ತಿರುವಿಗೆ ತೋಟದೊಳಗಿನ ಕಾಲುದಾರಿಯಲ್ಲಿ ಸುಮಾರು 3 ಕಿ.ಮೀ. ಎಂಟನೇ ತರಗತಿಯಲ್ಲಿ ಸರ್ಕಾರ ಕೊಟ್ಟ ಸೈಕಲ್ ನನಗೂ ಬಂದಿತ್ತು. ಇಳಿಜಾರಿನಲ್ಲಿ ಅದು ನಮ್ಮನ್ನು ಹೊತ್ತರೆ ಏರಿನಲ್ಲಿ ನಾವು ಅದನ್ನು ಹೊರಬೇಕು. ಕೊನೆಗೆ ಅದು ಅಪ್ಪನ ಗೊಬ್ಬರದ ಚೀಲ ಸಾಗಿಸಲು ಉಪಯೋಗಕ್ಕೆ ಬಂತು.

ನೈಟ್ ಹಾಲ್ಟ್ ಬಸ್ಸು ಎಂದರೆ ರಾತ್ರಿ ರಸ್ತೆ ಮುಗಿಯುವ ಊರಿಗೆ ಹೋಗಿ ಅಲ್ಲೇ ಮಲಗುವ ಬಸ್ಸು. ಡ್ರೈವರು, ಕಂಡಕ್ಟರು ಇಬ್ಬರೂ ಬಸ್ಸಿನ ಸೀಟಿನ ಮೇಲೆಯೇ ಹಾಸಿಕೊಂಡು ಮಲಗುತ್ತಾರೆ. ಬೆಳಿಗ್ಗೆ ಅಲ್ಲಿಂದ ಹೊರಟ ಮೊದಲ ಬಸ್ಸು ಅದೇ, ಸಂಜೆ ವಾಪಸು ಹೋಗುವ ಕೊನೆಯ ಬಸ್ಸೂ ಅದೇ. ನಮ್ಮ ತಿರುವಿಗೆ ಅದು ಬೆಳಿಗ್ಗೆ 7.40ಕ್ಕೆ ಬರುತ್ತಿತ್ತು.

ಡ್ರೈವರಣ್ಣ ಮೂರು ತಿರುವು ಹಿಂದಿನಿಂದಲೇ ಒಂದು ಉದ್ದ ಹಾರ್ನ್ ಹೊಡೆಯುತ್ತಿದ್ದರು. ಅದು ಕೇಳಿದಾಗ ನಾವು ಹಳೆ ಅತ್ತಿಮರದ ಬಳಿ ಇದ್ದರೆ ಓಡಬೇಕಿಲ್ಲ, ಅದಕ್ಕಿಂತ ಮೇಲಿದ್ದರೆ ಓಡಬೇಕು. ಮಳೆಗಾಲದಲ್ಲಿ ಮಂಜು ಮುಚ್ಚಿದಾಗ ಬಸ್ಸು ಕಾಣುವುದಕ್ಕೆ ಮೊದಲು ಹಾರ್ನೇ ನಮಗೆ ಗಡಿಯಾರ. ನಮ್ಮ ತಿರುವಿನಲ್ಲಿ ನಾವು ಐದು ಮಕ್ಕಳು ಹತ್ತುತ್ತಿದ್ದೆವು. ನಾಲ್ಕೇ ಜನ ನಿಂತಿದ್ದರೆ ಅವರು ಗೇರ್ ಹಾಕದೆ ಕಿಟಕಿಯಿಂದ ಕೇಳುತ್ತಿದ್ದರು: 'ಇನ್ನೊಬ್ಬ ಎಲ್ಲಿ? ಬರ್ತಾನಾ, ರಜೆಯಾ?' ಬರುತ್ತಿದ್ದಾನೆ ಎಂದರೆ ಸ್ವಲ್ಪ ಕಾಯುವುದು, ರಜೆ ಎಂದರೆ ಹೊರಡುವುದು. ಮರುದಿನ ಆ ಹುಡುಗ ಬಂದಾಗ ಮತ್ತೆ ವಿಚಾರಣೆ. ನನಗೆ ಒಮ್ಮೆ ಜ್ವರ ಬಂದು ಎರಡು ದಿನ ಹೋಗಿರಲಿಲ್ಲ.

'ಎಂತದು ಪುಟ್ಟಿ, ಎರಡು ದಿನ ಕಾಣ್ಲಿಲ್ಲ?'

'ಜ್ವರ ಅಣ್ಣ.'

'ಕಡಿಮೆ ಆಯ್ತಾ? ಹಾಗಾದ್ರೆ ಬಾಗಿಲ ಹತ್ರ ನಿಲ್ಬೇಡ, ಗಾಳಿ ಬೀಸ್ತದೆ. ಇಲ್ಲಿ ಬಾನೆಟ್ ಮೇಲೆ ಕೂತ್ಕೊ, ಬೆಚ್ಚಗಿರ್ತದೆ.'

ಅದೇ ದಿನ ಶಾಲೆಯಲ್ಲೂ ಎರಡು ದಿನದ ಗೈರುಹಾಜರಿ ಬಗ್ಗೆ ಪ್ರಶ್ನೆ ಬಂತು, ರಜೆ ಅರ್ಜಿ ಎಲ್ಲಿ ಎಂದು. ಎರಡೂ ಪ್ರಶ್ನೆಗಳು ಬೇಕಾದವೇ. ಹಾಜರಿ ಪುಸ್ತಕವಿಲ್ಲದೆ ಶಾಲೆ ನಡೆಯುವುದಿಲ್ಲ ಎಂಬುದು ಈಗ ಇಂಟರ್ನ್‌ಶಿಪ್ ಮಾಡಿದ ಮೇಲೆ ಚೆನ್ನಾಗಿ ಗೊತ್ತು. ಆದರೂ ಇಷ್ಟು ವರ್ಷದ ನಂತರ ನೆನಪಿನಲ್ಲಿ ಉಳಿದಿರುವುದು ಬಾನೆಟ್ಟಿನ ಬಿಸಿ.

ಅವರು ದೇವರಂಥವರು ಎಂದು ಯಾರಾದರೂ ತಿಳಿದರೆ ತಪ್ಪಾದೀತು. ಫುಟ್‌ಬೋರ್ಡಿನಲ್ಲಿ ನೇತಾಡುವ ಹುಡುಗರನ್ನು ಕಂಡರೆ ಬಸ್ಸು ನಿಲ್ಲಿಸಿ, ಇಳಿಸಿ, ಎಲ್ಲರೆದುರು ಬೈಯುತ್ತಿದ್ದರು. ಬಾಯಿ ಸ್ವಲ್ಪ ಜೋರೇ. ಕಂಡಕ್ಟರ್ ಜೊತೆ ವಾರಕ್ಕೊಮ್ಮೆಯಾದರೂ ಜಗಳ. ಸುಮ್ಮನೆ ತಡ ಮಾಡುವವರಿಗೆ ಅವರು ಕಾಯುತ್ತಲೂ ಇರಲಿಲ್ಲ. ಯಾರು ದೂರದಿಂದ ನಡೆದು ಬರುತ್ತಾರೆ, ಯಾರ ಮನೆ ರಸ್ತೆ ಪಕ್ಕದಲ್ಲೇ ಇದೆ ಎಂಬುದು ಅವರಿಗೆ ಗೊತ್ತಿತ್ತು. ರಸ್ತೆ ಪಕ್ಕದ ಮನೆಯವರು ಒಂದು ನಿಮಿಷ ತಡವಾದರೂ ಬಸ್ಸು ಹೋಗಿಯೇ ಬಿಡುತ್ತಿತ್ತು. ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿತೆಂದರೆ ಹೊರನಾಡು ಕಡೆಯ ಮಕ್ಕಳು ಅಂದು ಶಾಲೆಗೆ ಇಲ್ಲ. ಅಂಥ ದಿನ 'ನಿಮ್ಮ ಕ್ಲಾಸಿನ ಆಚೆ ಕಡೆ ಮಕ್ಕಳಿಗೆ ಇವತ್ತಿಂದು ನೋಟ್ಸ್ ಕೊಡಿ, ಆಯ್ತಾ' ಎಂದು ನಮಗೆ ಜ್ಞಾಪಿಸುತ್ತಿದ್ದರು.

ಬಾನೆಟ್ ಮೇಲಿನ ಆ ಜಾಗ ಕ್ರಮೇಣ ನನ್ನದೇ ಆಯಿತು. ಅಲ್ಲಿ ಕುಳಿತರೆ ಅವರ ಕೈ ಕಾಲು ಎರಡೂ ಕಾಣುತ್ತಿದ್ದವು. ಒಂಬತ್ತನೇ ತರಗತಿಯ ಜುಲೈ ತಿಂಗಳಿರಬೇಕು, ರಸ್ತೆಯ ಮೇಲೆ ಹರಿಯುತ್ತಿದ್ದ ನೀರಿನಲ್ಲಿ ಬಸ್ಸು ಹಾದು ಬಂತು. ಆಚೆ ಬಂದ ಮೇಲೆ ಎದುರಿಗೆ ಯಾವ ವಾಹನವೂ ಇಲ್ಲದಿದ್ದರೂ ಅವರು ಬ್ರೇಕನ್ನು ಹಗುರವಾಗಿ ಒತ್ತುತ್ತಾ, ಬಿಡುತ್ತಾ ಹೋಗುತ್ತಿದ್ದರು.

'ಎದುರಿಗೆ ಯಾರೂ ಇಲ್ಲ ಅಣ್ಣ, ಬ್ರೇಕ್ ಎಂತಕ್ಕೆ ಒತ್ತುದು?'

'ಬ್ರೇಕ್ ನೀರು ಕುಡಿದದೆ. ಈಗ ಹಿಡಿಯಲ್ಲ. ಒಣಗಿಸ್ಬೇಕು.'

'ಒತ್ತಿದ್ರೆ ಒಣಗ್ತದಾ?'

'ಎರಡು ಕೈ ಉಜ್ಜಿ ನೋಡು.'

ಉಜ್ಜಿದೆ. ಬಿಸಿಯಾಯಿತು. ಅಷ್ಟೇ ಪಾಠ, ಅದಕ್ಕಿಂತ ಹೆಚ್ಚು ಅವರೇನೂ ಹೇಳಲಿಲ್ಲ. ಅದಾದ ಮೇಲೆ ನಾನು ಕೇಳುತ್ತಲೇ ಹೋದೆ. ಇಳಿಜಾರಿನಲ್ಲಿ ಎರಡನೇ ಗೇರಿನಲ್ಲೇ ಯಾಕೆ ಇಳಿಯುವುದು? ಬ್ರೇಕ್ ಒತ್ತಿಕೊಂಡೇ ಇಳಿದರೆ ಡ್ರಮ್ ಕಾದು, ಬೇಕಾದಾಗ ಹಿಡಿಯುವುದಿಲ್ಲ, ಅದಕ್ಕೆ ಬಸ್ಸನ್ನು ಎಂಜಿನ್ನೇ ತಡೆದು ಹಿಡಿಯಬೇಕು. ವೈಪರ್ ಕೆಟ್ಟ ದಿನ ಗಾಜಿಗೆ ಹೊಗೆಸೊಪ್ಪು ಯಾಕೆ ಉಜ್ಜುವುದು? ನೀರು ಹನಿ ಹನಿಯಾಗಿ ನಿಲ್ಲದೆ ತೆಳ್ಳಗೆ ಹರಡಿ ಇಳಿದು ಹೋಗುತ್ತದೆ, ದಾರಿ ಕಾಣುತ್ತದೆ. ಈ ಸಂಗತಿಗೆ ಮೇಲ್ಮೈ ಎಳೆತ ಎಂಬ ಹೆಸರಿದೆ ಎಂದು ನನಗೆ ತಿಳಿದದ್ದು ಪಿಯುಸಿಯಲ್ಲಿ. ಹೆಸರು ಬಂದಾಗ ಆ ಗಾಜು ಕಣ್ಣ ಮುಂದೆ ಬಂತು. ಎಂಟನೇ ತರಗತಿಯ ಘರ್ಷಣೆ ಪಾಠಕ್ಕೆ ನಾನು ಪಾಠ ಯೋಜನೆ ಬರೆಯುವಾಗ 'ತೊಡಗಿಸಿಕೊಳ್ಳುವಿಕೆ' ಹಂತಕ್ಕೆ ನೀರು ಕುಡಿದ ಬ್ರೇಕನ್ನೇ ಇಟ್ಟುಕೊಂಡಿದ್ದೆ. ಮೇಲ್ವಿಚಾರಕರು ಅದರ ಪಕ್ಕದಲ್ಲಿ 'ಉತ್ತಮ, ಸ್ವಂತ ಉದಾಹರಣೆ' ಎಂದು ಬರೆದರು. ಅರ್ಧ ಮಾತ್ರ ಸರಿ. ಅದು ಸ್ವಂತದ್ದಲ್ಲ, ಡ್ರೈವರಣ್ಣನದು.

ಇಷ್ಟೇ ಆಗಿದ್ದರೆ ಇದೊಂದು ಒಳ್ಳೆಯ ನೆನಪಾಗಿ ಉಳಿಯುತ್ತಿತ್ತು, ಬರೆಯುವ ಅಗತ್ಯವಿರಲಿಲ್ಲ. 2015ರಲ್ಲಿ ಎಸ್ಎಸ್ಎಲ್‌ಸಿ ಮುಗಿಯಿತು. ಅಂಕಗಳು ಚೆನ್ನಾಗಿಯೇ ಬಂದಿದ್ದವು. ನನಗೆ ವಿಜ್ಞಾನ ಬೇಕಿತ್ತು. ಅಪ್ಪ 'ಆರ್ಟ್ಸ್ ತಗೊ' ಎಂದರು. ಹೆಣ್ಣುಮಗಳು ಓದುವುದು ಬೇಡ ಎನ್ನುವ ಅಪ್ಪ ಅಲ್ಲ ಅವರು. ಅವರ ಲೆಕ್ಕ ಬೇರೆಯೇ ಇತ್ತು. ಆರ್ಟ್ಸ್‌ನವರಿಗೆ ಮಧ್ಯಾಹ್ನದ ಮೇಲೆ ತರಗತಿ ಬೇಗ ಮುಗಿಯುತ್ತದೆ, 4.15ರ ಬಸ್ಸು ಸಿಗುತ್ತದೆ, ಬೆಳಕಿರುವಾಗಲೇ ಮನೆ ಸೇರಬಹುದು. ವಿಜ್ಞಾನದವರಿಗೆ ಪ್ರಾಕ್ಟಿಕಲ್ ಇರುವ ದಿನ 4.30 ದಾಟುತ್ತದೆ. ಆ ಬಸ್ಸು ತಪ್ಪಿದರೆ ಮುಂದಿನದು ನೈಟ್ ಹಾಲ್ಟ್ ಬಸ್ಸೇ. ಅದು ನಮ್ಮ ತಿರುವಿಗೆ ಬರುವಾಗ ರಾತ್ರಿ ಏಳು. ಆಮೇಲೆ 3 ಕಿ.ಮೀ. ಕತ್ತಲೆಯ ತೋಟ. ಕಾಟಿ ಇದೆ, ಹಂದಿ ಇದೆ, ಮನುಷ್ಯರೂ ಇದ್ದಾರೆ. ನಮ್ಮ ತಿರುವಿನ ಉಳಿದ ನಾಲ್ವರಲ್ಲಿ ಯಾರೂ ಮುಂದೆ ಓದುವವರಿರಲಿಲ್ಲ. ನಾನೊಬ್ಬಳೇ. ಅಪ್ಪ ಎದುರುಗೊಳ್ಳಲು ಬರಬಹುದಿತ್ತು. ಆದರೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕುಯ್ಲಿನ ಕಾಲದಲ್ಲಿ ಅಂದಂದಿನ ಹಣ್ಣು ಅಂದೇ ಪಲ್ಪರ್‌ಗೆ ಹೋಗಬೇಕು. ಯಂತ್ರ ಕತ್ತಲಾದ ಮೇಲೂ ಓಡುತ್ತಿರುತ್ತದೆ. ಅಪ್ಪ ಬಿಟ್ಟು ಬರಲು ಎಷ್ಟು ಹೊತ್ತಾಗುತ್ತದೆ ಎಂಬುದು ಅವರ ಕೈಯಲ್ಲಿರಲಿಲ್ಲ.

ನಮ್ಮ ಕಡೆ ಎಷ್ಟು ಹೆಣ್ಣುಮಕ್ಕಳು ವಿಜ್ಞಾನ ಬಿಟ್ಟಿದ್ದಾರೋ ನೋಡಿದರೆ, ಅವರಲ್ಲಿ ಅನೇಕರಿಗೆ ವಿಜ್ಞಾನ ಕಷ್ಟವಾಗಿರಲಿಲ್ಲ, ಬಸ್ಸಿನ ವೇಳೆ ಕಷ್ಟವಾಗಿತ್ತು. ವಿಷಯ ಆಯ್ಕೆಗೆ ಆಸಕ್ತಿ, ಸಾಮರ್ಥ್ಯ, ಮನೆಯ ಆರ್ಥಿಕ ಸ್ಥಿತಿ ಎಂದು ನಾವು ಪರೀಕ್ಷೆಯಲ್ಲಿ ಬರೆಯುತ್ತೇವೆ. ಕೊನೆಯ ಬಸ್ಸಿನ ಸಮಯ ಎಂದು ಯಾರೂ ಬರೆದದ್ದನ್ನು ನಾನು ಕಂಡಿಲ್ಲ.

ನನ್ನ ಮೇಷ್ಟ್ರುಗಳು ಅಪ್ಪನಿಗೆ ಹೇಳಿದ್ದರು. ವಿಜ್ಞಾನ ಓದಿದರೆ ಏನೇನು ಆಗಬಹುದು ಎಂದು ವಿವರವಾಗಿಯೇ ಹೇಳಿದ್ದರು. ಅಪ್ಪ ಕೈಕಟ್ಟಿ ಕೇಳಿ, ತಲೆ ಅಲ್ಲಾಡಿಸಿ ಬಂದಿದ್ದರು. ಅಂಕಪಟ್ಟಿ ತರಲು ಹೋದ ದಿನ ನಾನು ಬಸ್ಸಿನಲ್ಲಿ ಮುಖ ಸಣ್ಣ ಮಾಡಿಕೊಂಡು ಕುಳಿತದ್ದನ್ನು ಕಂಡು ಡ್ರೈವರಣ್ಣ ಕೇಳಿದರು, ನಾನು ಹೇಳಿದೆ. ಅವರು ಏನೂ ಮಾತನಾಡಲಿಲ್ಲ. ಎರಡು ದಿನದ ನಂತರ ಸಂಜೆ ಅಪ್ಪ ಪೇಟೆಯಿಂದ ಅದೇ ಬಸ್ಸಿನಲ್ಲಿ ಬಂದರು. ತಿರುವಿನಲ್ಲಿ ಇಳಿದವರ ಹಿಂದೆಯೇ ಡ್ರೈವರಣ್ಣನೂ ಇಳಿದರಂತೆ. ಅಪ್ಪ ಮನೆಗೆ ಬಂದು ಅಮ್ಮನಿಗೆ ಹೇಳಿದ್ದು ನನಗೆ ಈಗಲೂ ಬಾಯಿಪಾಠ:

'ಅವ್ರು ಹೇಳಿದ್ರು, ಪ್ರಾಕ್ಟಿಕಲ್ ಇರೋದು ವಾರಕ್ಕೆ ಎಷ್ಟು ದಿನ ಅಂತ ಮೊದ್ಲು ಕೇಳ್ಕೊಳ್ಳಿ. ಆ ದಿನ ಮಗು ನನ್ನ ಬಸ್ಸಿಗೆ ಬರ್ತದೆ. ನಿಮ್ಮ ಟಾರ್ಚ್ ಕಾಣೋವರೆಗೆ ನಾನು ಇಳಿಸೋದಿಲ್ಲ. ನೀವು ಬರೋದು ತಡ ಆದ್ರೆ ಬಸ್ಸು ನಿಲ್ತದೆ.'

ಅಮ್ಮ ಕೇಳಿದ್ದು ಒಂದೇ: 'ದಿನಾ ನಿಲ್ಲಿಸ್ತಾರಾ?'

'ಆ ಬಸ್ಸು ರಾತ್ರಿ ಎಲ್ಲಿಗೂ ಹೋಗೋದಿಲ್ಲವಲ್ಲ, ಮಲಗೋದೇ ತಾನೆ, ಅಂದ್ರು.'

ಮೇಷ್ಟ್ರುಗಳು ವಿಜ್ಞಾನದ ಬೆಲೆ ಹೇಳಿದ್ದರು. ಬೆಲೆ ಅಪ್ಪನಿಗೆ ಮೊದಲೇ ಗೊತ್ತಿತ್ತು. ಅವರಿಗೆ ಗೊತ್ತಿಲ್ಲದೇ ಇದ್ದದ್ದು ಏಳು ಗಂಟೆಗೆ ಆ ತಿರುವಿನಲ್ಲಿ ಏನು ಮಾಡುವುದು ಎಂಬುದು. ಅದಕ್ಕೆ ಉತ್ತರ ಕೊಟ್ಟವರು ಡ್ರೈವರಣ್ಣ ಒಬ್ಬರೇ.

ಎರಡು ವರ್ಷ ಅವರು ಹೇಳಿದಂತೆ ನಡೆದುಕೊಂಡರು. ತಿರುವಿನಲ್ಲಿ ಬಸ್ಸಿನ ಮೂತಿಯನ್ನು ಸ್ವಲ್ಪ ಕಾಲುದಾರಿಯ ಕಡೆಗೆ ತಿರುಗಿಸಿ ನಿಲ್ಲಿಸುತ್ತಿದ್ದರು. ಹೆಡ್‌ಲೈಟ್ ಬೆಳಕು ಕಾಫಿ ಗಿಡಗಳ ನಡುವೆ ಮೇಲಿನ ಕಲ್ಲಿನವರೆಗೆ ಹೋಗುತ್ತಿತ್ತು. ಅಪ್ಪ ಮೇಲಿನಿಂದ ಟಾರ್ಚನ್ನು ಎರಡು ಸುತ್ತು ತಿರುಗಿಸಿದರೆ ಕಂಡಕ್ಟರ್ ನನ್ನನ್ನು ಇಳಿಸಿ, ನಾನು ಅಪ್ಪನನ್ನು ಸೇರಿದ ಮೇಲೆ 'ರೈಟ್' ಹೇಳುತ್ತಿದ್ದರು. ಹೆಚ್ಚಿನ ದಿನ ಅಪ್ಪ ಮೊದಲೇ ಬಂದಿರುತ್ತಿದ್ದರು. ಕುಯ್ಲಿನ ದಿನಗಳಲ್ಲಿ ಐದು ನಿಮಿಷ, ಕೆಲವೊಮ್ಮೆ ಹತ್ತು ನಿಮಿಷವೂ ಆಗುತ್ತಿತ್ತು. ಬಸ್ಸಿನಲ್ಲಿದ್ದ ಹತ್ತು ಹನ್ನೆರಡು ಜನರೂ ದಿನವೆಲ್ಲ ದುಡಿದು ದಣಿದವರೇ. ಒಮ್ಮೆ ಒಬ್ಬರು 'ಒಬ್ಬಳಿಗೋಸ್ಕರ ಇಡೀ ಬಸ್ಸು ಕಾಯ್ಬೇಕಾ?' ಎಂದರು. ಡ್ರೈವರಣ್ಣ ತಿರುಗಿ ನೋಡದೆ, 'ನಿಮ್ಮ ಮನೆ ಬಂದಾಗ ನಿಮಗೂ ಕಾಯ್ತೇನೆ ಭಟ್ರೆ' ಎಂದರು. ಬಸ್ಸಿನವರೆಲ್ಲ ನಕ್ಕರು, ಅವರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಅಷ್ಟು ಜನ ನನಗಾಗಿ ಕುಳಿತಿದ್ದಾರೆ ಎಂದು ಗೊತ್ತಿದ್ದವಳು ಪ್ರಾಕ್ಟಿಕಲ್ ರೆಕಾರ್ಡನ್ನು ಅರ್ಧಂಬರ್ಧ ಬರೆಯಲು ಸಾಧ್ಯವೇ ಇರಲಿಲ್ಲ.

ಒಬ್ಬ ಡ್ರೈವರ್ ಹೀಗೆ ಬಸ್ಸು ನಿಲ್ಲಿಸಲು ಹೇಗೆ ಸಾಧ್ಯವಾಯಿತು ಎಂದು ಓದುವವರಿಗೆ ಅನ್ನಿಸಬಹುದು. ಆ ಬಸ್ಸು ಕೊಪ್ಪದ ಸಹಕಾರ ಸಾರಿಗೆಯದು. ಕೊಪ್ಪದಲ್ಲಿ ನಿಂತುಹೋದ ಒಂದು ಖಾಸಗಿ ಬಸ್ ಕಂಪನಿಯ ಕಾರ್ಮಿಕರೇ ಒಟ್ಟಾಗಿ 1991ರಲ್ಲಿ ಕೆಲವೇ ಬಸ್ಸುಗಳಿಂದ ಆರಂಭಿಸಿದ ಸಹಕಾರ ಸಂಘ ಅದು. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳೇ ಅದರ ಸದಸ್ಯರು, ಅವರೇ ಮಾಲೀಕರು. ಮುಂದೆ ಅದು 70ಕ್ಕೂ ಹೆಚ್ಚು ಬಸ್ಸುಗಳನ್ನು ಓಡಿಸಿತು. ಸರ್ಕಾರಿ ಬಸ್ಸು ಕಾಣದ ಎಷ್ಟೋ ಒಳರಸ್ತೆಗಳಿಗೆ ಹೋಗುತ್ತಿತ್ತು, ವಿದ್ಯಾರ್ಥಿಗಳಿಗೆ ರಿಯಾಯಿತಿ ದರ ಕೊಡುತ್ತಿತ್ತು. 'ಇದು ನಮ್ಮದೇ ಬಸ್ಸು' ಎಂದು ಡ್ರೈವರಣ್ಣ ಹೇಳುತ್ತಿದ್ದುದು ಬಾಯಿಮಾತಾಗಿರಲಿಲ್ಲ, ಕಾಗದದ ಮೇಲೂ ನಿಜವಾಗಿತ್ತು. ಕಲೆಕ್ಷನ್ ಕಡಿಮೆಯಾದರೆ ಅದರ ಬಿಸಿ ತಟ್ಟುವುದೂ ಅವರಿಗೇ. ಅವರ ಒಳ್ಳೆಯತನ ಅವರದೇ, ಸಂದೇಹವಿಲ್ಲ. ಆದರೆ ಬೇರೆಯವರ ಕೈಕೆಳಗೆ ದುಡಿಯುವ ಡ್ರೈವರ್ ಆಗಿದ್ದರೆ ಆ ಹತ್ತು ನಿಮಿಷವನ್ನು ನನಗೆ ಕೊಡಲು ಆಗುತ್ತಿತ್ತೋ ಇಲ್ಲವೋ. ಶಿಕ್ಷಕರ ಒಳ್ಳೆಯತನಕ್ಕೂ ಇಂಥ ಒಂದು ಜಾಗ ಬೇಕು ಎಂದು ನನಗೆ ಅನ್ನಿಸುತ್ತದೆ. ವೇಳಾಪಟ್ಟಿಯಲ್ಲಿ ಹತ್ತು ನಿಮಿಷ ಆಚೀಚೆ ಮಾಡುವ ಅಧಿಕಾರವೂ ಇಲ್ಲದ ಶಿಕ್ಷಕರಿಗೆ ಮಗುವಿನ ಮೇಲೆ ಎಷ್ಟು ಪ್ರೀತಿ ಇದ್ದರೇನು?

ನಷ್ಟ ತಾಳಲಾರದೆ 2020ರ ಫೆಬ್ರವರಿಯಲ್ಲಿ ಸಹಕಾರ ಸಾರಿಗೆ ಬಸ್ಸುಗಳು ನಿಂತವು. ನಾನಾಗ ಹಾಸ್ಟೆಲಿನಲ್ಲಿದ್ದುಕೊಂಡು ಚಿಕ್ಕಮಗಳೂರಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದೆ. ಮರು ತಿಂಗಳೇ ಲಾಕ್‌ಡೌನ್ ಬಂದು ಎಲ್ಲ ಬಸ್ಸುಗಳೂ ನಿಂತಿದ್ದರಿಂದ, ಯಾವುದು ಇನ್ನು ಬರುವುದೇ ಇಲ್ಲ ಎಂಬುದು ನಮ್ಮೂರಿನವರಿಗೆ ಕೂಡಲೇ ತಿಳಿಯಲಿಲ್ಲ. ಈಗ ನಮ್ಮ ತಿರುವಿನಲ್ಲಿ ಸಂಜೆ ಐದರ ನಂತರ ಬಸ್ಸಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತವಾದಾಗ ಅಮ್ಮ ಹೇಳಿದ್ದು: 'ಒಳ್ಳೇದಾಯ್ತು. ಬಸ್ಸೂ ಒಂದು ಬಂದಿದ್ರೆ ಇನ್ನೂ ಒಳ್ಳೇದಿತ್ತು.'

ಇಂಟರ್ನ್‌ಶಿಪ್‌ಗೆ ನನಗೆ ಮೂಡಿಗೆರೆ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ ಸಿಕ್ಕಿತ್ತು. ಮೊದಲ ಅವಧಿಗೆ ತಡವಾಗಿ ಬರುವವರು ಹೆಚ್ಚು ಕಡಿಮೆ ದಿನವೂ ಅದೇ ಆರು ಮಕ್ಕಳು ಎಂಬುದನ್ನು ಮೊದಲ ವಾರದಲ್ಲೇ ಕಂಡೆ. ಒಂಬತ್ತನೇ ತರಗತಿಗೆ ಚಲನೆ ಪಾಠ ನನ್ನ ಪಾಲಿಗೆ ಬಂದಿತ್ತು. ದೂರ–ಕಾಲ ನಕ್ಷೆಗೆ ಪುಸ್ತಕದ ಲೆಕ್ಕದ ಜೊತೆಗೆ ಒಂದು ಚಟುವಟಿಕೆ ಇಟ್ಟುಕೊಂಡೆ. ಪ್ರತಿಯೊಬ್ಬರೂ ಮನೆಯಿಂದ ಶಾಲೆಗೆ ಬರುವ ತಮ್ಮದೇ ದಾರಿಯ ನಕ್ಷೆ ಬರೆಯಬೇಕು. ನಡೆದದ್ದು ಎಷ್ಟು ಹೊತ್ತು, ಬಸ್ಸಿನಲ್ಲೋ ಜೀಪಿನಲ್ಲೋ ಬಂದದ್ದು ಎಷ್ಟು ಹೊತ್ತು ಎಂದು ಹಿಂದಿನ ದಿನವೇ ಗಡಿಯಾರ ನೋಡಿ ಬರೆದುಕೊಂಡು ಬರಬೇಕು.

ನಡೆಯುವಾಗ ಗೆರೆ ನಿಧಾನವಾಗಿ ಏರುತ್ತದೆ, ಬಸ್ಸಿನಲ್ಲಿ ಕಡಿದಾಗಿ ಏರುತ್ತದೆ ಎಂಬುದನ್ನು ಮಕ್ಕಳು ತಾವೇ ಕಂಡುಕೊಂಡರು. ಓರೆ ಹೆಚ್ಚಿದಷ್ಟೂ ಜವ ಹೆಚ್ಚು ಎಂದು ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತಳು.

'ಟೀಚರ್, ಬಸ್ಸಿಗೆ ಕಾಯುವಾಗ ಗೆರೆ ಹ್ಯಾಗೆ?'

'ಕಾಯುವಾಗ ದೂರ ಹೆಚ್ಚಾಯ್ತಾ?'

'ಇಲ್ಲ.'

'ಹೊತ್ತು?'

'ಹೋಗ್ತಾ ಇತ್ತು.'

ಅವಳು ಅಡ್ಡಗೆರೆ ಎಳೆದಳು. ಎಳೆಯುತ್ತಲೇ ಹೋದಳು. ಅವಳ ಹಾಳೆಯಲ್ಲಿ ಬೆಳಿಗ್ಗೆ ನಲವತ್ತು ನಿಮಿಷ ಗೆರೆ ಮಲಗಿತ್ತು. ತಡವಾಗಿ ಬರುವ ಆ ಆರು ಮಕ್ಕಳ ನಕ್ಷೆಗಳಲ್ಲೂ ಇಂಥ ಉದ್ದ ಅಡ್ಡಗೆರೆಗಳಿದ್ದವು. ಶಾಲೆಯ ಹತ್ತಿರದ ಮಕ್ಕಳ ನಕ್ಷೆಗಳು ಹತ್ತೇ ನಿಮಿಷದಲ್ಲಿ ಮುಗಿದಿದ್ದವು. ಎಲ್ಲವನ್ನೂ ಒಂದೇ ಅಳತೆಯ ಹಾಳೆಗೆ ಬರೆಸಿ ವಿಜ್ಞಾನ ಕೊಠಡಿಯ ಗೋಡೆಗೆ ಸಾಲಾಗಿ ಅಂಟಿಸಿದೆವು. ನನ್ನ ಮಾರ್ಗದರ್ಶಕ ಶಿಕ್ಷಕಿ ಅವುಗಳ ಮುಂದೆ ಬಹಳ ಹೊತ್ತು ನಿಂತರು. ಸಂಜೆಯದನ್ನೂ ಬರೆಸಿ ಎಂದರು. ಬರೆಸಿದೆವು. 9 ಮತ್ತು 10ನೇ ತರಗತಿಗೆ ಸಂಜೆ ನಡೆಯುತ್ತಿದ್ದ ವಿಶೇಷ ತರಗತಿ ಮುಗಿಯುವುದು ಬಸ್ಸು ಹೋದ ಹದಿನೈದು ನಿಮಿಷಕ್ಕೆ ಎಂಬುದು ಆ ಗೋಡೆಯಲ್ಲಿ ಎಲ್ಲರಿಗೂ ಕಾಣುವಂತಿತ್ತು. ಮುಖ್ಯ ಶಿಕ್ಷಕರ ಜೊತೆ ಮಾತಾಯಿತು. ವಿಶೇಷ ತರಗತಿ ಮಧ್ಯಾಹ್ನದ ಬಿಸಿಯೂಟದ ನಂತರದ ಅವಧಿಗೆ ಬಂತು. ಬೆಳಗಿನ ಬಸ್ಸಿಗೆ ಏನೂ ಮಾಡಲಾಗಲಿಲ್ಲ. ಆ ಆರು ಮಕ್ಕಳಿಗೆ ಮೊದಲ ಅವಧಿಯಲ್ಲಿ ತಪ್ಪಿಹೋಗುವ ಭಾಗವನ್ನು ಪಕ್ಕದಲ್ಲಿ ಕೂರುವವರು ಬರೆದಿಡುವ ಏರ್ಪಾಡು ಮಾಡಿದೆವು. ನಾನು ಇದ್ದಷ್ಟು ದಿನ ಅದು ನಡೆಯಿತು.

ಇದನ್ನೆಲ್ಲ ಡ್ರೈವರಣ್ಣನಿಗೆ ಫೋನ್ ಮಾಡಿ ಹೇಳಿದೆ. ಈಗ ಅವರು ಮಗನ ಮನೆಯಲ್ಲಿದ್ದಾರೆ. ಮಂಡಿ ನೋವು, ಕ್ಲಚ್ ಒತ್ತಿ ಒತ್ತಿ ಬಂದದ್ದಂತೆ. ನಕ್ಷೆಯ ವಿಷಯವನ್ನು ಪೂರ್ತಿ ಕೇಳಿಸಿಕೊಂಡರು.

'ಆ ಹುಡುಗಿ ಸಂಜೆ ಮನೆಗೆ ಮುಟ್ಟುದು ಎಷ್ಟೊತ್ತಿಗೆ?'

'ಆರೂವರೆ ಆಗ್ತದೆ ಅಣ್ಣ.'

'ರಸ್ತೆಯಿಂದ ಮನೆಗೆ ಕರ್ಕೊಂಡು ಹೋಗ್ಲಿಕ್ಕೆ ಯಾರು ಬರ್ತಾರೆ?'

ಅದು ನಕ್ಷೆಯಲ್ಲಿ ಬರುವ ಸಂಗತಿಯಲ್ಲ. ಮರುದಿನ ಅವಳನ್ನೇ ಕೇಳಿದೆ. ಅಜ್ಜಿ ಬರುತ್ತಾರಂತೆ, ಟಾರ್ಚ್ ಹಿಡಿದುಕೊಂಡು. ಮಳೆ ಜೋರಾದ ದಿನ ಅಜ್ಜಿಗೆ ಇಳಿಯಲಾಗುವುದಿಲ್ಲ, ಆಗ ರಸ್ತೆ ಪಕ್ಕದ ತೋಟದ ರೈಟರ ಮನೆಯಲ್ಲಿ ಕುಳಿತಿರುತ್ತಾಳಂತೆ, ಯಾರಾದರೂ ಆ ಕಡೆ ಹೋಗುವವರು ಸಿಗುವವರೆಗೆ. ಇಂಟರ್ನ್‌ಶಿಪ್ ಮುಗಿಯುವ ದಿನ ಇದಿಷ್ಟನ್ನೂ ಒಂದು ಹಾಳೆಯಲ್ಲಿ ಬರೆದು, ಉಳಿದ ಐದು ಮಕ್ಕಳ ವಿವರವನ್ನೂ ಸೇರಿಸಿ, ಮಾರ್ಗದರ್ಶಕ ಶಿಕ್ಷಕಿಯ ಕೈಗೆ ಕೊಟ್ಟು ಬಂದೆ. ಅವರು ಅದನ್ನು ಹಾಜರಿ ಪುಸ್ತಕದೊಳಗೆ ಇಟ್ಟುಕೊಂಡರು. ಬರುವ ಜೂನ್‌ನಲ್ಲಿ ಆ ಹುಡುಗಿ ಹತ್ತನೇ ತರಗತಿ.